ಹಾಳೂರು ಹುಡುಕಲು ಗ್ರಾಮನಕ್ಷೆ, ದಿಶಾಂಕ್: ಯಾವುದನ್ನು ಎಷ್ಟು ನಂಬಬಹುದು?

ಹಳ್ಳದ ದಂಡೆಯ ಬೇಚರಾಕ್ (ಜನವಸತಿಯಿಲ್ಲದ) ಗ್ರಾಮಗಳನ್ನು ಹುಡುಕುವವರಿಗೆ ಭೂದಾಖಲೆ ಇಲಾಖೆಯ ಜಾಲತಾಣದಲ್ಲಿ ಸಿಗುವ ಪಿಡಿಎಫ್ ಗ್ರಾಮನಕ್ಷೆಯೇ ಮುಖ್ಯ. ಮೊಬೈಲಿನಲ್ಲಿ ಸರ್ವೆ ನಂಬರು ತೋರಿಸುವ ದಿಶಾಂಕ್ ಆ್ಯಪ್ ಜಾಗ ತಲುಪುವುದಕ್ಕೆ ಸಾಕು, ಅದಕ್ಕಿಂತ ಹೆಚ್ಚಿಗೆ ನೆಚ್ಚಬಾರದು.

ಜಾಲತಾಣದಲ್ಲಿ ಜಿಲ್ಲೆ, ತಾಲ್ಲೂಕು, ಹೋಬಳಿ ಆರಿಸಿದರೆ ಒಂದು ಮನೆಯೂ ಉಳಿಯದ ಊರಿನ ಹೆಸರೂ ಪಟ್ಟಿಯಲ್ಲಿ ಬರುತ್ತದೆ. ಜನ ಬಿಟ್ಟುಹೋದರೂ ಕಂದಾಯ ಗ್ರಾಮವಾಗಿ ಅದು ಉಳಿದಿರುತ್ತದೆ, 1ರಿಂದ ಶುರುವಾಗುವ ತನ್ನದೇ ಸರ್ವೆ ನಂಬರುಗಳ ಸಮೇತ. ಪಾಳುಬಿದ್ದದ್ದು ಬರೀ ಮಜರೆ, ಅಂದರೆ ಇನ್ನೊಂದು ಗ್ರಾಮಕ್ಕೆ ಸೇರಿದ ಸಣ್ಣ ಹಳ್ಳಿ, ಆಗಿದ್ದರೆ ಮಾತ್ರ ಹೆಸರು ಸಿಗದು. ಮೂಲ ಗ್ರಾಮದ ನಕ್ಷೆಯಲ್ಲೇ ಹುಡುಕಬೇಕು.

ನಕ್ಷೆ ತೆರೆದ ಮೇಲೆ ಮೊದಲು ಕಾಲುದಾರಿಯ ಚುಕ್ಕೆಗೆರೆ ನೋಡಿ. ನಾಲ್ಕಾರು ದಿಕ್ಕಿನ ದಾರಿಗಳು ಈಗ ಬರೀ ಹೊಲವಿರುವ ಕಡೆ ಬಂದು ಕೂಡಿದ್ದರೆ, ಪಕ್ಕದಲ್ಲೇ ಗುಡಿಯ ಅಥವಾ ಬಾವಿಯ ಗುರುತಿದ್ದರೆ, ಹಳೆಯ ಗ್ರಾಮಠಾಣಾ (ಊರ ಮನೆಗಳಿದ್ದ ಜಾಗ) ಬಹುಮಟ್ಟಿಗೆ ಅಲ್ಲೇ. ನಕ್ಷೆಯ ಈ ಒಂದು ಗುಣಕ್ಕೇ ಪೂರ್ತಿ ಅಂಕ ಕೊಡಬಹುದು. ದೊಡ್ಡ ಹಳ್ಳವಾದರೆ ಎರಡೂ ದಡದ ಸರ್ವೆ ನಂಬರು ಬೇರೆಬೇರೆ. ಸಣ್ಣದು ಹೊಲದೊಳಗೇ ಹಾಯುತ್ತದೆ. ಆಗ ಪಹಣಿಯಲ್ಲಿ ‘ಬ’ ಖರಾಬು (ಹಳ್ಳ, ದಾರಿಯಂಥ ಸಾರ್ವಜನಿಕ ಬಳಕೆಗೆ ಬಿಟ್ಟ ಜಮೀನು) ಎಷ್ಟು ಗುಂಟೆ ಎಂದು ನೋಡಿ. ಹಳ್ಳ ಒತ್ತುವರಿಯಾಗಿ ಗದ್ದೆಯಲ್ಲಿ ಕರಗಿಹೋಗಿದ್ದರೂ ಆ ಗುಂಟೆಗಳು ದಾಖಲೆಯಲ್ಲಿ ನಿಂತಿರುತ್ತವೆ.

ಸಾಮಾನ್ಯವಾಗಿ ನಕ್ಷೆಯ ಅಳತೆ 1:7920, ಅಂದರೆ 1 ಇಂಚಿಗೆ 660 ಅಡಿ, 33 ಅಡಿಯ ಸರಪಳಿಯಲ್ಲಿ 20. ಮುದ್ರಣದಂಗಡಿಯಲ್ಲಿ ಎ4 ಹಾಳೆಗೆ ಹೊಂದಿಸಿ ತೆಗೆದರೆ ಈ ಲೆಕ್ಕ ಕೆಡುತ್ತದೆ. ನೂರಕ್ಕೆ ನೂರು ಅಳತೆಯಲ್ಲೇ ಮುದ್ರಿಸಲು ಹೇಳಿ. ಮಸುಕಾದ ಹಾಳೆಯನ್ನು ಸ್ಕ್ಯಾನ್ ಮಾಡಿರುವ ಕಡೆ ಹಳ್ಳದ ಗೆರೆ, ಹೊಲದ ಗೆರೆ ಒಂದೇ ಥರ ಕಾಣುತ್ತವೆ; ಸೇವೆಯ ದೊಡ್ಡ ಕೊರತೆ ಇದೇ.

ದಿಶಾಂಕ್ ನಿಂತ ಜಾಗದ ಸರ್ವೆ ನಂಬರು ತಕ್ಷಣ ತೋರಿಸುತ್ತದೆ. ಆದರೆ ಹಳೇ ನಕ್ಷೆಯನ್ನು ಉಪಗ್ರಹ ಚಿತ್ರದ ಮೇಲೆ ಕೂರಿಸುವಾಗ ಗೆರೆ ಜರುಗಿರಬಹುದು, ಮರದಡಿ ಜಿಪಿಎಸ್ಸೂ ಅಲೆದಾಡುತ್ತದೆ. ಮೂರು ಊರ ಗಡಿ ಕೂಡುವ ಕಲ್ಲಿನ ಬಳಿ ಬಯಲಲ್ಲಿ ನಿಂತು ಗೆರೆ ಎಷ್ಟು, ಯಾವ ಕಡೆಗೆ ಸರಿದಿದೆ ನೋಡಿಕೊಂಡರೆ ಸುತ್ತಲಿನ ಹೊಲಗಳಲ್ಲಿ ಅಂದಾಜು ಸಿಗುತ್ತದೆ. ಒತ್ತುವರಿ ತಕರಾರಿಗೆ ಆ್ಯಪ್‌ನ ಗೆರೆ ಸಾಕ್ಷಿಯಾಗದು, ಹದ್ದುಬಸ್ತಿಗೆ (ಗಡಿ ಅಳೆದು ಗುರುತಿಸುವುದಕ್ಕೆ) ಅರ್ಜಿ ಹಾಕಿ ಸರ್ವೆಯರಿಂದಲೇ ಅಳೆಸಬೇಕು.

ಜಾಗದಲ್ಲಿ ಮಡಕೆ ಚೂರು, ಬೂದಿ ಬಣ್ಣದ ಹಾಳುಮಣ್ಣು, ಒಡೆದ ಒರಳು ಕಂಡರೆ ಹುಡುಕಿದ್ದು ಸರಿ. ಬಯಲುಸೀಮೆಯ ಹಾಳೂರುಗಳಲ್ಲಿ ನೆಲದೊಳಗೆ ಕಾಳು ತುಂಬಿಡುತ್ತಿದ್ದ ಗುಂಡಿಗಳು, ಅಂದರೆ ಹಗೇವುಗಳಿರುತ್ತವೆ, ಅವುಗಳ ಬಾಯಿ ಹುಲ್ಲಲ್ಲಿ ಮುಚ್ಚಿರುತ್ತದೆ. ಮಳೆಗಾಲದಲ್ಲಿ ಕೋಲು ಊರಿ ನೋಡದೆ ಹೆಜ್ಜೆ ಇಡಬೇಡಿ.