ಪ್ರಾಗ್ ರಾಕ್ ಯಾವ ದೇಶದಲ್ಲಿ ಎಷ್ಟು ಓಡಿತು? ಹಳೆಯ ಚಾರ್ಟ್‌ಗಳ ಆನ್‌ಲೈನ್ ಸಂಗ್ರಹಗಳ ವಿಮರ್ಶೆ

ಪ್ರೋಗ್ರೆಸಿವ್ ರಾಕ್ (ಚಿಕ್ಕದಾಗಿ ಪ್ರಾಗ್: ಉದ್ದುದ್ದದ, ಜಟಿಲ ಹಾಡುಗಳ ರಾಕ್ ಸಂಗೀತ) ಜನಪ್ರಿಯವಾಗಿತ್ತೇ ಇಲ್ಲವೇ ಎಂದು ವಾದಕ್ಕಿಳಿದವರು ಸಾಮಾನ್ಯವಾಗಿ ಹಿಡಿದು ಬರುವುದು ಒಂದೇ ಅಂಕಿ: ವಾರವಾರದ ಮಾರಾಟದ ಶ್ರೇಣಿಯಾದ ಆಲ್ಬಂ ಚಾರ್ಟ್‌ನಲ್ಲಿ ಮುಟ್ಟಿದ ಅತಿ ಮೇಲಿನ ಸ್ಥಾನ. ಆ ಅಂಕಿಯನ್ನು ನಂಬಿದರೆ ಬ್ರಿಟನ್ನಿನಲ್ಲಿ ಯೆಸ್ ತಂಡದ ‘ಟೇಲ್ಸ್ ಫ್ರಮ್ ಟೊಪೊಗ್ರಾಫಿಕ್ ಓಶನ್ಸ್’ ಗೆದ್ದಿತು, ಪಿಂಕ್ ಫ್ಲಾಯ್ಡ್‌ನ ‘ದ ಡಾರ್ಕ್ ಸೈಡ್ ಆಫ್ ದ ಮೂನ್’ ಸೋತಿತು. ಮೊದಲನೆಯದು 1974ರ ಜನವರಿಯಲ್ಲಿ ಎರಡು ವಾರ ಒಂದನೇ ಸ್ಥಾನದಲ್ಲಿತ್ತು, ಎರಡನೆಯದು ಎರಡಕ್ಕಿಂತ ಮೇಲೆ ಹೋಗಲೇ ಇಲ್ಲ. ಆದರೆ ಡಾರ್ಕ್ ಸೈಡ್ ಅಲ್ಲಿನ ಪಟ್ಟಿಯಲ್ಲಿ ಕಳೆದದ್ದು 500ಕ್ಕೂ ಹೆಚ್ಚು ವಾರ. ನಾಲ್ಕೇ ಹಾಡುಗಳ, ಎಂಬತ್ತು ನಿಮಿಷದ ಜೋಡಿ ಆಲ್ಬಂ ಒಂದನೇ ಸ್ಥಾನಕ್ಕೆ ಏರಿದ್ದೇನೋ ಸೋಜಿಗವೇ; ಆದರೆ ಅದು ತಂಡದ ಅಭಿಮಾನಿಗಳು ಮೊದಲ ವಾರಗಳಲ್ಲೇ ಮುಗಿಬಿದ್ದದ್ದರ ಗುರುತು, ಅಷ್ಟೇ. ಹಾಗಾಗಿ ಈ ಸಂಗ್ರಹಗಳನ್ನು ಅಳೆಯಲು ಇಲ್ಲಿ ಇಟ್ಟುಕೊಂಡ ಪ್ರಶ್ನೆ ಒಂದೇ: ಗರಿಷ್ಠ ಸ್ಥಾನದ ಆಚೆಗೆ ಇವು ಏನು ತೋರಿಸುತ್ತವೆ, ಏನನ್ನು ಮರೆಮಾಡುತ್ತವೆ?

ಬ್ರಿಟನ್ನಿನ ಅಫಿಶಿಯಲ್ ಚಾರ್ಟ್ಸ್ ಜಾಲತಾಣದಿಂದ ಶುರುಮಾಡುವುದೇ ಸರಿ. ದುಡ್ಡು ಕೊಡಬೇಕಿಲ್ಲ. ತಂಡದ ಪುಟದಲ್ಲಿ ಪ್ರತಿ ಆಲ್ಬಮ್ಮಿಗೂ ಮೊದಲು ಪಟ್ಟಿಗೆ ಬಂದ ದಿನಾಂಕ, ಗರಿಷ್ಠ ಸ್ಥಾನ, ಒಟ್ಟು ವಾರಗಳು ಸಿಗುತ್ತವೆ; ಆಲ್ಬಂ ಹೆಸರು ಒತ್ತಿದರೆ ವಾರವಾರದ ಏರಿಳಿತವೂ ಕಾಣುತ್ತದೆ. ಕಥೆ ಇರುವುದು ಆ ಏರಿಳಿತದಲ್ಲೇ. ಮೈಕ್ ಓಲ್ಡ್‌ಫೀಲ್ಡ್‌ನ ‘ಟ್ಯೂಬುಲರ್ ಬೆಲ್ಸ್’ 1973ರ ಮೇನಲ್ಲಿ ಬಿಡುಗಡೆಯಾಗಿ, ಒಂದನೇ ಸ್ಥಾನ ಮುಟ್ಟಿದ್ದು 1974ರ ಅಕ್ಟೋಬರಿನಲ್ಲಿ. ಅದು ಕೆಳಗಿಳಿಸಿದ್ದು ಅವನದೇ ಮುಂದಿನ ಆಲ್ಬಂ ‘ಹರ್ಜೆಸ್ಟ್ ರಿಡ್ಜ್’ ಅನ್ನು.

ಮೊದಲ ದಿನಾಂಕದ ಕಾಲಮ್ಮನ್ನು ಬಿಡುಗಡೆಯ ದಿನಾಂಕ ಎಂದು ಓದಬೇಡಿ. ಜೆನೆಸಿಸ್‌ನ ‘ನರ್ಸರಿ ಕ್ರೈಮ್’ 1971ರದ್ದು. ಬ್ರಿಟಿಷ್ ಪಟ್ಟಿಗೆ ಕಾಲಿಟ್ಟದ್ದು 1974ರಲ್ಲಿ, ಅದೂ 39ನೇ ಸ್ಥಾನಕ್ಕೆ. ಅಷ್ಟರಲ್ಲಿ ‘ಸೆಲ್ಲಿಂಗ್ ಇಂಗ್ಲೆಂಡ್ ಬೈ ದ ಪೌಂಡ್’ 3ನೇ ಸ್ಥಾನ ಮುಟ್ಟಿ ತಂಡಕ್ಕೆ ಹೆಸರು ತಂದಿತ್ತು.

ಈ ಸಂಗ್ರಹದ ದೊಡ್ಡ ಕೊರತೆ ಎಂದರೆ, ಪಟ್ಟಿಯ ನಿಯಮಗಳು ಯಾವಾಗ ಬದಲಾದವು ಎಂಬ ಸೂಚನೆ ಆಯಾ ವಾರದ ಪುಟದ ಮೇಲೆ ಇರುವುದಿಲ್ಲ. ನೀವೇ ನೆನಪಿಟ್ಟುಕೊಳ್ಳಬೇಕಾದವು ಮೂರು. ಒಂದು, ಪಟ್ಟಿಯ ಉದ್ದ. 1970ರ ಸುಮಾರಿಗೆ ಅದು ವಾರದಿಂದ ವಾರಕ್ಕೆ ಹಿಗ್ಗಿ ಕುಗ್ಗುತ್ತಿತ್ತು; ಆಮೇಲೆ 50ಕ್ಕೆ ನಿಂತಿತು, 1975ರಲ್ಲಿ 60, 1978ರ ಕೊನೆಗೆ 75, 1981ರ ಆಗಸ್ಟಿನಿಂದ 100. ಹಾಗಾಗಿ 1972ರಲ್ಲಿ ಹತ್ತು ವಾರ ನಿಂತ ಆಲ್ಬಮ್ಮನ್ನೂ 1985ರಲ್ಲಿ ಹತ್ತು ವಾರ ನಿಂತದ್ದನ್ನೂ ಒಂದೇ ತಕ್ಕಡಿಯಲ್ಲಿ ತೂಗಲು ಆಗದು. ಎರಡು, 1971ರ ಅಂಚೆ ಮುಷ್ಕರ. ಆಗ ಪಟ್ಟಿ ಮಾಡುತ್ತಿದ್ದ ಬಿಎಂಆರ್‌ಬಿ ಸಂಸ್ಥೆಗೆ ಅಂಗಡಿಗಳು ಮಾರಾಟದ ಡೈರಿಯನ್ನು ಅಂಚೆಯಲ್ಲಿ ಕಳಿಸಬೇಕಿತ್ತು. ಅಂಚೆ ನಿಂತಾಗ ಲೆಕ್ಕವೂ ನಿಂತಿತು. ಆ ವಾರಗಳನ್ನು ಬಹಳ ವರ್ಷಗಳ ನಂತರ ಮೆಲಡಿ ಮೇಕರ್ ಪತ್ರಿಕೆಯ ಪಟ್ಟಿಯಿಂದ ತುಂಬಿದರು. ಮೂರು, ಬೆಲೆ. 1971ರ ಆಗಸ್ಟಿನಿಂದ 1972ರ ಜನವರಿ ಶುರುವಿನವರೆಗೆ ಅಗ್ಗದ ಬೆಲೆಯ ಎಲ್‌ಪಿಗಳಿಗೂ ಮುಖ್ಯ ಪಟ್ಟಿಯಲ್ಲಿ ಜಾಗವಿತ್ತು. ಮೊದಲೂ ಇರಲಿಲ್ಲ, ಆಮೇಲೂ ಇರಲಿಲ್ಲ. ಎಮರ್ಸನ್, ಲೇಕ್ ಅಂಡ್ ಪಾಮರ್ ತಮ್ಮ ‘ಪಿಕ್ಚರ್ಸ್ ಅಟ್ ಆ್ಯನ್ ಎಕ್ಸಿಬಿಷನ್’ ಅನ್ನು ಕಡಿಮೆ ಬೆಲೆಗೆ ಮಾರಿ 3ನೇ ಸ್ಥಾನ ಮುಟ್ಟಿದ್ದು ಇದೇ ಕಿಂಡಿಯಲ್ಲಿ.

ಹುಡುಕುವಾಗ ಇನ್ನೊಂದು ಎಚ್ಚರ: ಪ್ರಾಗ್ ತಂಡಗಳ ಸದಸ್ಯರು ಒಡೆದು, ಕೂಡಿ, ಮತ್ತೆ ಒಡೆದವರು. ಪ್ರತಿ ಹೆಸರಿಗೂ ಬೇರೆ ಪುಟ. ರಿಕ್ ವೇಕ್‌ಮನ್‌ನ ‘ಜರ್ನಿ ಟು ದ ಸೆಂಟರ್ ಆಫ್ ದಿ ಅರ್ಥ್’ 1974ರಲ್ಲಿ ಒಂದನೇ ಸ್ಥಾನ ಪಡೆದದ್ದು ಯೆಸ್ ಪುಟದಲ್ಲಿ ಸಿಗದು. ಗ್ರೆಗ್ ಲೇಕ್ 1975ರ ಕ್ರಿಸ್‌ಮಸ್‌ಗೆ ಸಿಂಗಲ್ಸ್ (ಬಿಡಿ ಹಾಡುಗಳ) ಪಟ್ಟಿಯಲ್ಲಿ 2ನೇ ಸ್ಥಾನ ಪಡೆದದ್ದು ಅವನ ಸ್ವಂತ ಹೆಸರಿನಲ್ಲಿ. ಆ್ಯಂಡರ್ಸನ್ ಬ್ರೂಫರ್ಡ್ ವೇಕ್‌ಮನ್ ಹೌ ಎಂಬುದು ಯೆಸ್ ಸದಸ್ಯರದೇ ಆದರೂ ಇನ್ನೊಂದೇ ಪುಟ.

ಅಮೆರಿಕಕ್ಕೆ ಬಂದರೆ, ಅಲ್ಲಿನ ಪಟ್ಟಿ ಪ್ರಕಟಿಸುವ ಪತ್ರಿಕೆ ಬಿಲ್‌ಬೋರ್ಡ್‌ನ ಸ್ವಂತ ತಾಣ ಈ ಕೆಲಸಕ್ಕೆ ಅಷ್ಟಕ್ಕಷ್ಟೆ. ಹಳೆಯ ಪಟ್ಟಿಗಳನ್ನು ಪೂರ್ತಿ ನೋಡಲು ಚಂದಾ ಕಟ್ಟಬೇಕು. ಅದರ ಬದಲು ಗೂಗಲ್ ಬುಕ್ಸ್ ಅಥವಾ ವರ್ಲ್ಡ್ ರೇಡಿಯೋ ಹಿಸ್ಟರಿ ತಾಣದಲ್ಲಿ ಪತ್ರಿಕೆಯ ಸ್ಕ್ಯಾನ್ ಮಾಡಿದ ಸಂಚಿಕೆಗಳನ್ನೇ ತೆರೆಯಿರಿ, ಬಿಟ್ಟಿಯಾಗಿ ಸಿಗುತ್ತವೆ. ಸಂಚಿಕೆಯ ಮೇಲಿರುವುದು ಶನಿವಾರದ ದಿನಾಂಕ, ಅದರೊಳಗಿನ ಮಾರಾಟ ಅದಕ್ಕೂ ಹಿಂದಿನದು ಎಂಬುದನ್ನು ಲೆಕ್ಕಕ್ಕಿಟ್ಟುಕೊಳ್ಳಿ. 200 ಆಲ್ಬಮ್ಮುಗಳ ಪಟ್ಟಿಯಲ್ಲಿ ಈ ವಾರ, ಹೋದ ವಾರ, ಎಷ್ಟನೇ ವಾರ ಎಂಬ ಕಾಲಮ್ಮುಗಳಿರುತ್ತವೆ. ಪದ ಹಾಕಿ ಹುಡುಕಲು ಹೋದರೆ ಮಾತ್ರ ಪ್ರಾಗ್ ತಂಡಗಳ ಹೆಸರುಗಳೇ ಶತ್ರು: ಯೆಸ್, ರಶ್, ಏಷ್ಯಾ, ಕಾನ್ಸಾಸ್, ಫೋಕಸ್, ಜೆನೆಸಿಸ್. ಎಲ್ಲವೂ ಪತ್ರಿಕೆಯ ಪ್ರತಿ ಪುಟದಲ್ಲೂ ಬರಬಹುದಾದ ಮಾತುಗಳು. ಆಲ್ಬಮ್ಮಿನ ಪೂರ್ತಿ ಹೆಸರನ್ನೋ ಕ್ಯಾಟಲಾಗ್ ಸಂಖ್ಯೆಯನ್ನೋ ಹಾಕಿ. ಅಟ್ಲಾಂಟಿಕ್ ಎಸ್‌ಡಿ 7244 ಎಂದರೆ ‘ಕ್ಲೋಸ್ ಟು ದಿ ಎಡ್ಜ್’. ಅದು ಅಲ್ಲಿ 3ನೇ ಸ್ಥಾನ ಮುಟ್ಟಿತು, ತವರಿನಲ್ಲಿ 4.

ಎರಡು ಪಟ್ಟಿಗಳನ್ನು ಅಕ್ಕಪಕ್ಕ ಇಟ್ಟಾಗಲೇ ಮಜಾ. ಜೆಥ್ರೋ ಟಲ್‌ನ ‘ಥಿಕ್ ಆ್ಯಸ್ ಎ ಬ್ರಿಕ್’ ಇಡೀ ಆಲ್ಬಮ್ಮಿಗೆ ಒಂದೇ ಹಾಡು. 1972ರಲ್ಲಿ ಅಮೆರಿಕದಲ್ಲಿ ಒಂದನೇ ಸ್ಥಾನ, ಬ್ರಿಟನ್ನಿನಲ್ಲಿ 5. ಮರುವರ್ಷ ವಿಮರ್ಶಕರು ತರಾಟೆಗೆ ತೆಗೆದುಕೊಂಡ ‘ಎ ಪ್ಯಾಷನ್ ಪ್ಲೇ’ ಕೂಡ ಅಮೆರಿಕದಲ್ಲಿ ಒಂದನೆಯದೇ, ತವರಿನಲ್ಲಿ 13. ಜೆನೆಸಿಸ್‌ಗೆ ಇದರ ತಿರುವುಮುರುವು: ಬ್ರಿಟನ್ನಿನಲ್ಲಿ 3ನೇ ಸ್ಥಾನ ಪಡೆದ ಅದೇ ‘ಸೆಲ್ಲಿಂಗ್ ಇಂಗ್ಲೆಂಡ್’ ಅಮೆರಿಕದಲ್ಲಿ 70ಕ್ಕೆ ನಿಂತಿತು. 1982ರ ‘ಏಷ್ಯಾ’ ಅಮೆರಿಕದಲ್ಲಿ ಒಂಬತ್ತು ವಾರ ಒಂದನೇ ಸ್ಥಾನದಲ್ಲಿದ್ದಾಗ ಬ್ರಿಟನ್ನಿನಲ್ಲಿ 11ನ್ನು ದಾಟಲಿಲ್ಲ. 1985ರ ಮರಿಲಿಯನ್ ಬ್ರಿಟನ್ನಿನಲ್ಲಿ ‘ಮಿಸ್‌ಪ್ಲೇಸ್ಡ್ ಚೈಲ್ಡ್‌ಹುಡ್’ನಿಂದ ಒಂದನೇ ಸ್ಥಾನ ಗಳಿಸಿದರೂ ಅಮೆರಿಕದಲ್ಲಿ 47. ಯೆಸ್‌ನ ‘ಓನರ್ ಆಫ್ ಎ ಲೋನ್ಲಿ ಹಾರ್ಟ್’ 1984ರ ಜನವರಿಯಲ್ಲಿ ಅಮೆರಿಕದ ಸಿಂಗಲ್ಸ್ ಪಟ್ಟಿಯ ತುದಿಯಲ್ಲಿದ್ದದ್ದು, ಬ್ರಿಟನ್ನಿನಲ್ಲಿ 28.

ಬಿಲ್‌ಬೋರ್ಡ್‌ನ ಒಳನಿಯಮಗಳೂ ಕಡಿಮೆ ತಲೆನೋವಲ್ಲ. 1991ರ ಮೇ ತಿಂಗಳವರೆಗೆ ಅದು ಅಂಗಡಿಗಳವರು ಕೊಟ್ಟ ವರದಿಯ ಮೇಲೆ ನಿಂತ ಪಟ್ಟಿ. ಬಾರ್‌ಕೋಡ್ ಎಣಿಕೆ ಬಂದದ್ದು ಆಮೇಲೆ. ಡಾರ್ಕ್ ಸೈಡ್ ಅಲ್ಲಿ ಒಂದನೇ ಸ್ಥಾನದಲ್ಲಿದ್ದದ್ದು ಒಂದೇ ವಾರ, 1973ರ ಏಪ್ರಿಲ್ ಕೊನೆಯಲ್ಲಿ; ಆದರೆ 1988ರವರೆಗೆ ಪಟ್ಟಿಯಲ್ಲಿ ಕಳೆದದ್ದು 741 ವಾರ. 1991ರಿಂದ 2009ರವರೆಗೆ ಹಳೆಯ ಆಲ್ಬಮ್ಮುಗಳನ್ನು ಪ್ರತ್ಯೇಕ ಕ್ಯಾಟಲಾಗ್ ಪಟ್ಟಿಗೆ ತಳ್ಳಿದ್ದರಿಂದ ಆ ವರ್ಷಗಳಲ್ಲಿ ಅದು ಮುಖ್ಯ ಪಟ್ಟಿಯಲ್ಲಿ ಕಾಣದಿದ್ದರೆ ಯಾರೂ ಕೊಳ್ಳಲಿಲ್ಲ ಎಂದಲ್ಲ.

ಈಗಿನ ಸ್ಟ್ರೀಮಿಂಗ್ ಲೆಕ್ಕವಂತೂ ಉದ್ದ ಹಾಡುಗಳಿಗೆ ನೇರ ಅನ್ಯಾಯ. 2018ರಲ್ಲಿ ಬಿಲ್‌ಬೋರ್ಡ್ ಗೊತ್ತುಮಾಡಿದ ಸೂತ್ರದಂತೆ 2025ರ ಕೊನೆಯವರೆಗೆ ಚಂದಾದಾರರ 1250 ಸ್ಟ್ರೀಮ್ ಒಂದು ಆಲ್ಬಂ ಮಾರಾಟಕ್ಕೆ ಸಮವಾಗಿತ್ತು. ಮೂರೇ ಹಾಡಿನ ‘ಕ್ಲೋಸ್ ಟು ದಿ ಎಡ್ಜ್’ ಅನ್ನು ಪೂರ್ತಿ 417 ಸಲ ಕೇಳಿದರೆ ಆಗ ಒಂದು ಮಾರಾಟವಾಗುತ್ತಿತ್ತು. ಮೂರು ನಿಮಿಷದ ಇಪ್ಪತ್ತು ಹಾಡುಗಳ ಆಲ್ಬಮ್ಮಿಗೆ 63 ಸಲ ಸಾಕಿತ್ತು. ಈ ಲೆಕ್ಕದ ನಡುವೆಯೂ 2019ರಲ್ಲಿ ಟೂಲ್‌ನ ‘ಫಿಯರ್ ಇನಾಕ್ಯುಲಮ್’ ಒಂದನೇ ಸ್ಥಾನಕ್ಕೆ ಬಂತು, ಹತ್ತು ನಿಮಿಷ ಮೀರಿದ ಅದರ ಶೀರ್ಷಿಕೆ ಹಾಡು ಬಿಡಿ ಹಾಡುಗಳ ಪಟ್ಟಿ ಹಾಟ್ 100ರಲ್ಲಿ 93ನೇ ಸ್ಥಾನ ಹಿಡಿಯಿತು.

ಯೂರೋಪಿನ ಉಳಿದ ದೇಶಗಳಿಗೆ ಹಂಗ್ ಮೀಡಿಯನ್ ನಡೆಸುವ ತಾಣಗಳ ಕುಟುಂಬವಿದೆ: ಸ್ವಿಟ್ಜರ್ಲೆಂಡ್, ಆಸ್ಟ್ರಿಯಾ, ನೆದರ್ಲೆಂಡ್ಸ್, ಸ್ವೀಡನ್, ನಾರ್ವೆ, ಇಟಲಿ ಇತ್ಯಾದಿ. ಒಂದರಲ್ಲಿ ಆಲ್ಬಂ ಪುಟ ತೆರೆದರೆ ಉಳಿದ ದೇಶಗಳ ಸ್ಥಾನಗಳೂ ಅಲ್ಲೇ ಸಿಗುತ್ತವೆ. ಬಳಕೆಗೆ ಇಷ್ಟು ಸಲೀಸಾದದ್ದು ಬೇರೊಂದಿಲ್ಲ, ಮೋಸ ಹೋಗುವುದೂ ಇಲ್ಲೇ ಹೆಚ್ಚು. ಸ್ವಿಸ್ ಆಲ್ಬಂ ಪಟ್ಟಿ ಶುರುವಾದದ್ದೇ 1983ರಲ್ಲಿ. ಸ್ವೀಡನ್ನಿನ ಪಟ್ಟಿ ಅಲ್ಲಿ 1975ರ ನವೆಂಬರಿನಿಂದ. ಅದಕ್ಕೂ ಮೊದಲಿದ್ದ ಕ್ವೆಲ್‌ಸ್ಟೊಪ್ಪೆನ್ ಸಿಂಗಲ್ಲು ಎಲ್‌ಪಿ ಎರಡನ್ನೂ ಒಂದೇ ಪಟ್ಟಿಯಲ್ಲಿ ಕಲಸುತ್ತಿತ್ತು. ಆಸ್ಟ್ರಿಯಾ 1973ರಿಂದ. ನಾರ್ವೆಯದು 1967ರಿಂದ ಇರುವುದರಿಂದ ಪ್ರಾಗ್‌ನ ಮೊದಲ ಅಲೆಗೆ ಇವುಗಳಲ್ಲಿ ಅದೇ ಹೆಚ್ಚು ಉಪಯುಕ್ತ. ಖಾಲಿ ಮನೆ ಕಂಡ ಕೂಡಲೇ ಸೋಲು ಎಂದು ಬರೆದುಕೊಳ್ಳುವ ಮೊದಲು ಆ ದೇಶದ ಪಟ್ಟಿ ಎಂದು ಹುಟ್ಟಿತು ನೋಡಿ. ಜರ್ಮನಿಗೆ ಪ್ರತ್ಯೇಕ ಅಧಿಕೃತ ತಾಣವಿದೆ. ಅಲ್ಲಿನ ತಂಡಗಳನ್ನು ಹುಡುಕುವವರು ಅಮೆರಿಕದ ಪಟ್ಟಿಯನ್ನೂ ಜೊತೆಗಿಟ್ಟುಕೊಳ್ಳಬೇಕು: ಜರ್ಮನಿಯಲ್ಲಿ ನೆಲೆಸಿದ್ದ ಇಂಗ್ಲಿಷ್ ತಂಡ ನೆಕ್ಟಾರ್‌ನ ‘ರಿಮೆಂಬರ್ ದ ಫ್ಯೂಚರ್’ ಅಮೆರಿಕದಲ್ಲಿ 19ನೇ ಸ್ಥಾನಕ್ಕೆ, ಟ್ರಯಂವಿರಾಟ್‌ನ ‘ಸ್ಪಾರ್ಟಕಸ್’ 27ಕ್ಕೆ ಹೋದವು.

ಇಟಲಿಯಲ್ಲಿ ಮಾತ್ರ ಈ ಸೇವೆಗಳೆಲ್ಲ ಕೈಕೊಡುತ್ತವೆ. ದುರದೃಷ್ಟಕ್ಕೆ ಪ್ರಾಗ್‌ಗೆ ಇಟಲಿಯಷ್ಟು ಮುಖ್ಯವಾದ ದೇಶ ಬ್ರಿಟನ್ನಿನ ಹೊರಗೆ ಇನ್ನೊಂದಿರಲಿಲ್ಲ. ‘ನರ್ಸರಿ ಕ್ರೈಮ್’ ತವರಿನಲ್ಲಿ ಯಾರ ಕಣ್ಣಿಗೂ ಬೀಳದ ಹೊತ್ತಿನಲ್ಲಿ ಅಲ್ಲಿ 4ನೇ ಸ್ಥಾನದಲ್ಲಿತ್ತು. ವ್ಯಾನ್ ಡರ್ ಗ್ರಾಫ್ ಜನರೇಟರ್‌ನ ‘ಪಾನ್ ಹಾರ್ಟ್ಸ್’ ಇನ್ನೂ ಒಳ್ಳೆಯ ಪರೀಕ್ಷೆ. ಬ್ರಿಟಿಷ್ ಸಂಗ್ರಹದಲ್ಲಿ ಎಪ್ಪತ್ತರ ದಶಕದ ಅವರ ಆಲ್ಬಮ್ಮುಗಳ ಪೈಕಿ ಕಾಣುವುದು 1970ರ ಒಂದೇ, 47ನೇ ಸ್ಥಾನಕ್ಕೆ. ‘ಪಾನ್ ಹಾರ್ಟ್ಸ್’ ಇಲ್ಲವೇ ಇಲ್ಲ. ಅಮೆರಿಕದಲ್ಲೂ ಇಲ್ಲ. ಇಷ್ಟಕ್ಕೇ ಹುಡುಕಾಟ ಬಿಟ್ಟವರಿಗೆ ಅದೇ ಆಲ್ಬಂ 1972ರಲ್ಲಿ ಇಟಲಿಯಲ್ಲಿ ಒಂದನೇ ಸ್ಥಾನದಲ್ಲಿತ್ತು ಎಂಬುದು ಗೊತ್ತಾಗುವುದೇ ಇಲ್ಲ. ಕಾರಣ ಸರಳ: ಅಲ್ಲಿನ ಈಗಿನ ಅಧಿಕೃತ ಪಟ್ಟಿಯನ್ನು ಫಿಮಿ ಸಂಸ್ಥೆ ಶುರುಮಾಡಿದ್ದು 1995ರಲ್ಲಿ. ಎಪ್ಪತ್ತರ ದಶಕದ ಅಂಕಿಗಳು ಬರುವುದು ಮ್ಯೂಸಿಕಾ ಎ ದಿಸ್ಕಿ ಎಂಬ ವ್ಯಾಪಾರ ಪತ್ರಿಕೆಯಂಥ ಮೂಲಗಳಿಂದ. ಹಿಟ್ ಪರೇಡ್ ಇಟಾಲಿಯಾ ಎಂಬ ತಾಣದಲ್ಲಿ ವರ್ಷವಾರು ಆಲ್ಬಂ ಪಟ್ಟಿಗಳಿವೆ. ಆದರೆ ವರ್ಷದ ಪಟ್ಟಿಯಲ್ಲಿನ 10ನೇ ಸ್ಥಾನವೂ ವಾರದ ಪಟ್ಟಿಯಲ್ಲಿನ 10ನೇ ಸ್ಥಾನವೂ ಬೇರೆ ಬೇರೆ. ಇಟಲಿಯ ಯಾವ ಅಂಕಿ ಬರೆದುಕೊಂಡರೂ ಪಕ್ಕದಲ್ಲಿ ಪಟ್ಟಿಯ ಹೆಸರನ್ನೂ, ವಾರದ್ದೋ ವರ್ಷದ್ದೋ ಎಂಬುದನ್ನೂ ಬರೆಯಿರಿ. ಇಟಲಿಯ ತಂಡಗಳು ಹೊರಗೆ ಹೋದದ್ದು ಸ್ವಲ್ಪವೇ: ಪಿಎಫ್‌ಎಂನ ‘ಫೋಟೋಸ್ ಆಫ್ ಗೋಸ್ಟ್ಸ್’, ಎಮರ್ಸನ್ ತಂಡದ ಮ್ಯಾಂಟಿಕೋರ್ ಲೇಬಲ್ಲಿನ ಬೆಂಬಲವಿದ್ದೂ ಅಮೆರಿಕದಲ್ಲಿ 180ರ ಆಸುಪಾಸಿನಲ್ಲೇ ಉಳಿಯಿತು.

ಕೆನಡಾಕ್ಕೆ ಆರ್‌ಪಿಎಂ ಪತ್ರಿಕೆ (1964–2000). ಪಟ್ಟಿಗಳನ್ನು ಅಲ್ಲಿನ ರಾಷ್ಟ್ರೀಯ ಗ್ರಂಥಾಲಯ ಸ್ಕ್ಯಾನ್ ಮಾಡಿ ಇಟ್ಟಿದೆ. ರಶ್‌ನ ‘ಮೂವಿಂಗ್ ಪಿಕ್ಚರ್ಸ್’ ಅಲ್ಲಿ ಒಂದನೆಯದು, ಅಮೆರಿಕ ಮತ್ತು ಬ್ರಿಟನ್ ಎರಡರಲ್ಲೂ 3. ಆಸ್ಟ್ರೇಲಿಯಾದ ಕತೆ ಮೂರು ತುಂಡು: 1974ರವರೆಗೆ ಗೋ-ಸೆಟ್, ಆಮೇಲೆ ಕೆಂಟ್ ಮ್ಯೂಸಿಕ್ ರಿಪೋರ್ಟ್, 1988ರಿಂದ ಏರಿಯಾ (ARIA) ಸಂಸ್ಥೆಯ ಪಟ್ಟಿ. ಜಪಾನಿನ ಪಟ್ಟಿ ಒರಿಕಾನ್‌ನಲ್ಲಿ ಇಂಗ್ಲಿಷ್ ಹೆಸರು ಹಾಕಿದರೆ ಎಷ್ಟೋ ಆಲ್ಬಂ ಸಿಗುವುದಿಲ್ಲ: ‘ಆಟಮ್ ಹಾರ್ಟ್ ಮದರ್’ ಅಲ್ಲಿ ‘ಗೆನ್ಶಿ ಶಿಂಬೊ’, ‘ಕ್ಲೋಸ್ ಟು ದಿ ಎಡ್ಜ್’ ಅಲ್ಲಿ ‘ಕಿಕಿ’.

ಚಾರ್ಟ್‌ಗಳ ಜೊತೆಗೆ ಅಮೆರಿಕದ ಆರ್‌ಐಎಎ (ರೆಕಾರ್ಡ್ ಕಂಪನಿಗಳ ಒಕ್ಕೂಟ) ತಾಣದಲ್ಲಿ ಮಾರಾಟಕ್ಕೆ ಕೊಡುವ ಗೋಲ್ಡ್, ಪ್ಲಾಟಿನಂ ದಾಖಲೆಗಳನ್ನು ಹುಡುಕಬಹುದು, ಉಚಿತ, ಚುರುಕು. ಓದುವಾಗ ಎರಡು ಸಂಗತಿ ಗಮನದಲ್ಲಿರಲಿ. ಹತ್ತು ಲಕ್ಷ ಮಾರಾಟಕ್ಕೆ ಕೊಡುವ ಪ್ಲಾಟಿನಂ ಎಂಬ ದರ್ಜೆ ಹುಟ್ಟಿದ್ದೇ 1976ರಲ್ಲಿ, ಮೊದಮೊದಲು ಆ ವರ್ಷದಿಂದೀಚೆಗಿನ ಆಲ್ಬಮ್ಮುಗಳಿಗೆ ಮಾತ್ರ. ಹಾಗಾಗಿ 1972ರ ಆಲ್ಬಂ ಬರೀ ಗೋಲ್ಡ್ ಎಂದಿದ್ದರೆ ಮಾರಾಟ ಅಲ್ಲಿಗೇ ನಿಂತಿತು ಎಂದಲ್ಲ. ಮರುಪರಿಶೀಲನೆಗೆ ರೆಕಾರ್ಡ್ ಕಂಪನಿ ಅರ್ಜಿ ಹಾಕದೇ ಇದ್ದಿರಬಹುದು. ಇನ್ನೊಂದು, ಎಲ್‌ಪಿ ಕಾಲದ ಜೋಡಿ ಆಲ್ಬಮ್ಮುಗಳನ್ನು ಎರಡೆಂದು ಎಣಿಸುತ್ತಾರೆ. ‘ದ ವಾಲ್’ಗೆ 23 ಪ್ಲಾಟಿನಂ, ಡಾರ್ಕ್ ಸೈಡ್‌ಗೆ 15 ಎಂದು ಕಂಡರೆ, ವಾಲ್‌ನ ಅಂಕಿಯನ್ನು ಎರಡರಿಂದ ಭಾಗಿಸಿ: 1 ಕೋಟಿ 15 ಲಕ್ಷ ಜೋಡಿ. ಡಾರ್ಕ್ ಸೈಡ್ 1 ಕೋಟಿ 50 ಲಕ್ಷ.