ಹೊಸ ಪಿಯಾನೊವೋ, ಜಪಾನಿನಿಂದ ಬಂದ ಹಳೆಯದೋ?

ಬೆಂಗಳೂರಿನಲ್ಲಿ ಮನೆಗೊಂದು ಪಿಯಾನೊ ಕೊಳ್ಳಲು ಹೊರಟವರಿಗೆ ಸಾಮಾನ್ಯವಾಗಿ ಎರಡು ಬಗೆಯ ವಾದ್ಯಗಳು ಸಿಗುತ್ತವೆ. ಒಂದು, ಇಂಡೊನೇಷ್ಯಾದಲ್ಲೋ ಚೀನಾದಲ್ಲೋ ತಯಾರಾದ ಹೊಸ ಅಪ್‌ರೈಟ್, ಅಂದರೆ ತಂತಿಗಳು ನೆಟ್ಟಗೆ ನಿಂತಿರುವ ಪಿಯಾನೊ. ಇನ್ನೊಂದು, ಜಪಾನಿನ ಯಾವುದೋ ಮನೆಯಲ್ಲಿ ಮೂವತ್ತು ನಲವತ್ತು ವರ್ಷ ಇದ್ದು, ದುರಸ್ತಿಯಾಗಿ ಹಡಗಿನಲ್ಲಿ ಬಂದಿಳಿದ ಹಳೆಯ ಅಪ್‌ರೈಟ್. ಮಗಳ ಅಭ್ಯಾಸಕ್ಕೆ ಇನ್ನು ಡಿಜಿಟಲ್ ಕೀಬೋರ್ಡ್ ಸಾಲದೆಂದು ಅವಳ ಶಿಕ್ಷಕಿ ಹೇಳಿದ ಮೇಲೆ, ನಾವು ಎರಡೂ ಬಗೆಯವನ್ನು ಹಲವು ಅಂಗಡಿಗಳಲ್ಲಿ ನುಡಿಸಿ ನೋಡಿದೆವು, ಮುಂದಿನ ಹಲಗೆಗಳನ್ನು ತೆಗೆಸಿ ಒಳಗೆ ಪರಿಶೀಲಿಸಿದೆವು, ಪಿಯಾನೊ ಶ್ರುತಿ ಮಾಡುವ ಅನುಭವಿ ಟ್ಯೂನರ್ ಒಬ್ಬರನ್ನು ಜೊತೆಗೆ ಕರೆದೊಯ್ದು ಅವರ ಅಭಿಪ್ರಾಯ ಪಡೆದೆವು. ಇಷ್ಟೆಲ್ಲ ಆದ ಮೇಲೆ ನನಗೆ ಖಚಿತವಾದದ್ದು ಇಷ್ಟು: ನೋಡಬೇಕಾದದ್ದು ವಾದ್ಯದ ವಯಸ್ಸನ್ನೂ ಅಲ್ಲ, ಹೊರಗಿನ ಹೊಳಪನ್ನೂ ಅಲ್ಲ, ಅದರ ಎತ್ತರವನ್ನು ಮತ್ತು ತಂತಿಗಳನ್ನು ಶ್ರುತಿಯಲ್ಲಿ ಹಿಡಿದಿಡುವ ಟ್ಯೂನಿಂಗ್ ಪಿನ್‌ಗಳ ಬಿಗಿಯನ್ನು.

ಎತ್ತರದ ಮಾತನ್ನು ಮೊದಲು ಹೇಳುತ್ತೇನೆ, ಏಕೆಂದರೆ ನಮ್ಮ ಆಯ್ಕೆಯನ್ನು ಹೆಚ್ಚಾಗಿ ನಿರ್ಧರಿಸಿದ್ದು ಅದೇ. ನಮ್ಮ ಕೈಗೆಟಕುವ ಬೆಲೆಯಲ್ಲಿ ಸಿಗುತ್ತಿದ್ದ ಹೊಸ ವಾದ್ಯದ ಎತ್ತರ 109 ಸೆಂ.ಮೀ.; ಹೆಚ್ಚುಕಡಿಮೆ ಅದೇ ಬೆಲೆಗೆ ಸಿಗುತ್ತಿದ್ದ, 1970ರ ದಶಕದಲ್ಲಿ ತಯಾರಾದ ಯಮಾಹಾ ಯು3ಎಚ್ ಮಾದರಿಯ ಎತ್ತರ 131 ಸೆಂ.ಮೀ. ಗಿಡ್ಡ ಪಿಯಾನೊದಲ್ಲಿ ಮಂದ್ರದ ತಂತಿಗಳು ಉದ್ದವಿರಲು ಜಾಗವಿಲ್ಲ. ಆದ್ದರಿಂದ ಅವನ್ನು ದಪ್ಪವಾಗಿಸಿ ತಗ್ಗಿನ ಸ್ವರ ತರಿಸಬೇಕಾಗುತ್ತದೆ. ದಪ್ಪಗಿನ ಮೋಟು ತಂತಿ ಬಿರುಸಾಗಿರುವುದರಿಂದ ಮೂಲಸ್ವರದ ಜೊತೆಗೇ ಹುಟ್ಟುವ ಅದರ ಉಪಸ್ವರಗಳು ಆ ಮೂಲಸ್ವರಕ್ಕೆ ಸರಿಯಾಗಿ ಹೊಂದದೆ ತುಸು ಏರಿ ನಿಲ್ಲುತ್ತವೆ, ಕೇಳುವವರಿಗೆ ಸ್ವರ ಕಲಸಿದಂತೆ ತೋರುತ್ತದೆ. ಎಡಗೈಯಲ್ಲಿ ಕೊನೆಯ ಸ್ಥಾಯಿಯ ಎರಡು ಸ್ವರಗಳನ್ನು ಒಟ್ಟಿಗೆ ಒತ್ತಿ ಹಿಡಿದರೆ ವ್ಯತ್ಯಾಸ ಯಾರಿಗಾದರೂ ತಿಳಿಯುತ್ತದೆ: ಗಿಡ್ಡ ವಾದ್ಯದಲ್ಲಿ ಅವು ಒಂದು ಗುಡುಗಾಗಿ ಬೆರೆತುಹೋದವು, ಎತ್ತರದ ವಾದ್ಯದಲ್ಲಿ ಎರಡೂ ಬೇರೆಬೇರೆಯಾಗಿ ಕೇಳುತ್ತಲೇ ನಿಧಾನವಾಗಿ ಆರಿದವು. ಮಧ್ಯದ ಮತ್ತು ತಾರದ ಸ್ವರಗಳಲ್ಲಿ ಇಷ್ಟು ಅಂತರವಿರಲಿಲ್ಲ. ಅಲ್ಲಿ ಹೊಸದರ ನಾದವೇ ಹೆಚ್ಚು ಸ್ವಚ್ಛವಾಗಿತ್ತೆಂದು ಹೇಳಬೇಕು. ಚೀನಾದಲ್ಲಿ ತಯಾರಾದ, ಸುಮಾರು 120 ಸೆಂ.ಮೀ. ಎತ್ತರದ ಇನ್ನೊಂದು ಹೊಸ ವಾದ್ಯವೂ ನಮಗೆ ಇಷ್ಟವಾಯಿತು. ಹಳೆಯದರ ಗೊಡವೆಯೇ ಬೇಡವೆನ್ನುವವರು ಈ ಎತ್ತರಕ್ಕಿಂತ ಕೆಳಗೆ ಇಳಿಯಬಾರದೆಂಬುದು ನನ್ನ ಅಭಿಪ್ರಾಯ.

ಹೊಸ ವಾದ್ಯದ ಅನುಕೂಲಗಳು ಸಣ್ಣವಲ್ಲ. ತಂತಿಗೆ ಬಡಿಯುವ ಹ್ಯಾಮರುಗಳ ಫೆಲ್ಟಿನ (ಒತ್ತಿದ ಉಣ್ಣೆಯ ಹೊದಿಕೆಯ) ಮೇಲೆ ತಂತಿಯ ಗೀರುಗಳಿರುವುದಿಲ್ಲ, 88 ಕೀಗಳೂ ಬೆರಳಿಗೆ ಒಂದೇ ತೂಕ ಕೊಡುತ್ತವೆ, ಕಂಪನಿಯ ವಾರಂಟಿ ಇರುತ್ತದೆ, ಬಿಡಿಭಾಗ ಬೇಕಾದರೆ ಯಾರನ್ನು ಕೇಳಬೇಕೆಂಬುದು ಗೊತ್ತಿರುತ್ತದೆ. ಆದರೆ ಹೊಸ ತಂತಿಗಳು ಮೊದಲ ವರ್ಷವೆಲ್ಲ ಹಿಗ್ಗುತ್ತಲೇ ಇರುವುದರಿಂದ ಆ ಅವಧಿಯಲ್ಲಿ ಮೂರು ನಾಲ್ಕು ಬಾರಿ ಶ್ರುತಿ ಮಾಡಿಸಬೇಕಾಗುತ್ತದೆ. ಈ ಖರ್ಚನ್ನು ಬೆಲೆಯ ಜೊತೆಗೇ ಲೆಕ್ಕ ಹಾಕುವುದು ಒಳ್ಳೆಯದು. ಹಳೆಯ ವಾದ್ಯದ ತಂತಿಗಳು ಹಿಗ್ಗುವುದನ್ನೆಲ್ಲ ಎಂದೋ ಹಿಗ್ಗಿ ಮುಗಿಸಿರುತ್ತವೆ, ಆದರೆ ಸಮುದ್ರಯಾನದಿಂದಲೂ ಹವೆಯ ಬದಲಾವಣೆಯಿಂದಲೂ ಶ್ರುತಿ ಇಳಿದಿರುತ್ತದೆ. ಮನೆಗೆ ತಂದ ಮೇಲೆ ಎರಡು ಮೂರು ವಾರ ಅಲ್ಲಿನ ಗಾಳಿಗೆ ಒಗ್ಗಲು ಬಿಟ್ಟು, ಅನಂತರವೇ ಟ್ಯೂನರನ್ನು ಕರೆಸಬೇಕು.

ಜಪಾನಿನಿಂದ ಇಷ್ಟೊಂದು ಒಳ್ಳೆಯ ಹಳೆಯ ಪಿಯಾನೊಗಳು ಬರುವುದಕ್ಕೆ ಕಾರಣವಿದೆ. 1887ರಲ್ಲಿ ಆರಂಭವಾದ ಯಮಾಹಾ, 1927ರಲ್ಲಿ ಆರಂಭವಾದ ಕವಾಯಿ, ಎರಡೂ ಹಮಾಮಾತ್ಸು ನಗರದವು. 1960ರಿಂದ 1980ರವರೆಗಿನ ದಶಕಗಳಲ್ಲಿ ಜಪಾನಿನ ಮಧ್ಯಮವರ್ಗದ ಕುಟುಂಬಗಳು ಮಕ್ಕಳ ಕಲಿಕೆಗೆಂದು ಭಾರಿ ಸಂಖ್ಯೆಯಲ್ಲಿ ಪಿಯಾನೊ ಕೊಂಡವು. ಮಕ್ಕಳು ಬೆಳೆದು ಮನೆ ಬಿಟ್ಟ ಮೇಲೆ ಎಷ್ಟೋ ವಾದ್ಯಗಳು ಮುಚ್ಚಿದ ಮುಚ್ಚಳದಡಿ ಹಾಗೆಯೇ ಉಳಿದವು. ಮೇಲಿನ ಮುಚ್ಚಳ ಎತ್ತಿದರೆ ಒಳಗಿನ ಕಬ್ಬಿಣದ ಚೌಕಟ್ಟಿನ ಮೇಲೆ ಕ್ರಮಸಂಖ್ಯೆ ಕಾಣುತ್ತದೆ. ಅದನ್ನು ಕಂಪನಿಯ ಪಟ್ಟಿಯಲ್ಲಿ ಹುಡುಕಿ ತಯಾರಾದ ವರ್ಷವನ್ನು ತಿಳಿಯಬಹುದು. ಮಾರುವವರು ಹೇಳುವ ವರ್ಷವನ್ನು ಇದರಿಂದ ತಾಳೆ ನೋಡದೆ ಮುಂಗಡ ಕೊಡಬಾರದು.

ದುರಸ್ತಿಯ ಗುಣಮಟ್ಟದಲ್ಲಿ ಮಾತ್ರ ಅಜಗಜಾಂತರವಿದೆ. ಒಂದು ಅಂಗಡಿಯಲ್ಲಿ ಮುಖ ಕಾಣುವಷ್ಟು ಹೊಳೆಯುತ್ತಿದ್ದ ಕಪ್ಪು ಪಿಯಾನೊವೊಂದರ ಕೆಳಹಲಗೆ ತೆಗೆಸಿದಾಗ, ಮಂದ್ರದ ತಂತಿಗಳ ತಾಮ್ರದ ಸುತ್ತು ಕಪ್ಪಾಗಿತ್ತು, ತಂತಿ ತಿರುವು ತೆಗೆದುಕೊಳ್ಳುವ ಕಡೆ ತುಕ್ಕು ಹಿಡಿದಿತ್ತು. ನಮ್ಮ ಟ್ಯೂನರ್ ಒಂದೊಂದು ಪಿನ್ನಿಗೂ ಲಿವರ್ ಸಿಕ್ಕಿಸಿ ಕೂದಲೆಳೆಯಷ್ಟು ತಿರುಗಿಸಿ ನೋಡುತ್ತ ಹೋದರು. ಒಳ್ಳೆಯ ಪಿನ್ ಬಿಗಿಯಾಗಿ ಎದುರುಕೊಟ್ಟು, ಬಿಟ್ಟ ಕಡೆಯೇ ನಿಲ್ಲುತ್ತದೆ. ಅಲ್ಲಿನ ಹಲವು ಪಿನ್ನುಗಳು ಬೆಣ್ಣೆಯಲ್ಲಿ ನೆಟ್ಟಂತೆ ತಿರುಗಿ, ತಂತಿಯ ಸೆಳೆತಕ್ಕೆ ತಾವೇ ಹಿಂದೆ ಸರಿದವು. ಸುಮಾರು 230 ತಂತಿಗಳು ಒಟ್ಟಾಗಿ ಹದಿನೆಂಟು ಟನ್ನಿನ ಆಸುಪಾಸಿನ ಸೆಳೆತ ಹೇರುತ್ತವೆ. ಆ ಸೆಳೆತದ ಭಾರವನ್ನು ಕಬ್ಬಿಣದ ಚೌಕಟ್ಟು ಹೊತ್ತರೂ, ಪ್ರತಿ ತಂತಿಯನ್ನು ಶ್ರುತಿಯಲ್ಲಿ ಹಿಡಿದಿಡುವುದು ಪಿನ್ ನಾಟಿದ ಮರದ ದಿಮ್ಮಿ. ಅದು ಒಣಗಿ ಬಿರಿದಿದ್ದರೆ ದಪ್ಪ ಪಿನ್ನುಗಳನ್ನು ಹಾಕಿಸಿ ಕೆಲವು ಕಾಲ ತಳ್ಳಬಹುದು. ದಿಮ್ಮಿಯನ್ನೇ ಬದಲಿಸುವ ಖರ್ಚು ಮಾತ್ರ ಇಂತಹ ವಾದ್ಯಕ್ಕೆ ಹೊಂದುವುದಿಲ್ಲ. ಆ ವಾದ್ಯವನ್ನು ಅಲ್ಲಿಯೇ ಬಿಟ್ಟು ಬಂದೆವು. ನಾವು ಕೊನೆಗೆ ಕೊಂಡ ಯು3ಎಚ್‌ನಲ್ಲಿ ಪಿನ್ನುಗಳೆಲ್ಲ ಬಿಗಿಯಾಗಿದ್ದವು, ಹ್ಯಾಮರುಗಳನ್ನು ಒಮ್ಮೆ ಉಜ್ಜಿ ಆಕಾರಕ್ಕೆ ತಂದಿದ್ದರೂ ಫೆಲ್ಟ್ ಇನ್ನೂ ದಪ್ಪವಿತ್ತು, ಕೀಗಳನ್ನು ಪಕ್ಕಕ್ಕೆ ಅಲುಗಿಸಿದರೆ ಕಟಕಟ ಸದ್ದು ಬರಲಿಲ್ಲ. ಹೊರಮೈಯಲ್ಲಿ ಎರಡು ಕಡೆ ಗೀರುಗಳಿದ್ದವು. ಅವು ಈಗಲೂ ಇವೆ.

ಹಳೆಯದನ್ನು ಕೊಳ್ಳಬಹುದೆಂಬ ನನ್ನ ಮಾತು ಹವೆಯ ವಿಷಯದಲ್ಲಿ ಬೆಂಗಳೂರಿಗೆ, ಮೈಸೂರಿಗೆ ಹೊಂದುತ್ತದೆ, ಮಂಗಳೂರಿಗೆ ಹೊಂದುವುದಿಲ್ಲ. ಪಿಯಾನೊದ ಮರಕ್ಕೆ ಗಾಳಿಯ ತೇವಾಂಶ ಶೇ. 40ರಿಂದ 60ರ ನಡುವೆ ಇದ್ದರೆ ಹಿತ. ಬೆಂಗಳೂರಿನಲ್ಲಿ ಬೇಸಗೆಯ ಒಣಹವೆ ಹಳೆಯ ದಿಮ್ಮಿಯನ್ನು ಸಡಿಲಿಸಬಹುದು. ಕರಾವಳಿಯ ಮಳೆಗಾಲದಲ್ಲಾದರೆ ತೊಂದರೆ ಬೇರೆಯದೇ: ಕೀಗಳು ಉಬ್ಬಿ ಸಿಕ್ಕಿಕೊಳ್ಳುತ್ತವೆ, ಫೆಲ್ಟ್ ತೇವ ಹೀರುತ್ತದೆ, ತಂತಿಗಳು ತುಕ್ಕು ಹಿಡಿಯುತ್ತವೆ. ಅಲ್ಲಿ ಹಲವು ಕಡೆ ಪಿಯಾನೊದೊಳಗೆ ಸಣ್ಣ ಬಲ್ಬೊಂದನ್ನು ಉರಿಸಿಡುವ ಅಥವಾ ಬಿಸಿಮಾಡುವ ಕೊಳವೆಯನ್ನು ಇಡುವ ರೂಢಿ ಇರುವುದು ಇದಕ್ಕಾಗಿಯೇ. ಕವಾಯಿ ಕಂಪನಿ 1970ರ ದಶಕದಿಂದಲೇ ಹ್ಯಾಮರನ್ನು ನಡೆಸುವ ಯಂತ್ರಭಾಗದಲ್ಲಿ ಮರದ ಬದಲು ಎಬಿಎಸ್ ಎಂಬ ಗಟ್ಟಿ ಪ್ಲಾಸ್ಟಿಕ್ಕನ್ನು ಬಳಸತೊಡಗಿತು. ಪ್ಲಾಸ್ಟಿಕ್ ಎಂದು ಮೂಗು ಮುರಿಯುವವರಿದ್ದಾರೆ, ಆದರೆ ತೇವದಲ್ಲಿ ಅದು ಮರದಂತೆ ಉಬ್ಬುವುದಿಲ್ಲ. ಕರಾವಳಿಯಲ್ಲಿ ನನ್ನ ಬಂಧುಗಳಾರಾದರೂ ಕೇಳಿದರೆ, ವಾರಂಟಿಯಿರುವ ಹೊಸದನ್ನೇ, ಅದರಲ್ಲೂ ಇಂಥ ಯಂತ್ರಭಾಗವುಳ್ಳದ್ದನ್ನೇ ಕೊಳ್ಳಲು ಹೇಳುತ್ತೇನೆ.

ಸಾಗಣೆಯೂ ಗಮನಿಸಬೇಕಾದ ವಿಷಯ. 131 ಸೆಂ.ಮೀ.ನ ಪಿಯಾನೊ ಇನ್ನೂರು ಕಿಲೊಗ್ರಾಮಿಗೂ ಹೆಚ್ಚು ತೂಗುತ್ತದೆ, ಲಿಫ್ಟ್ ಇಲ್ಲದ ಮೂರನೆಯ ಮಹಡಿಗೆ ಏರಿಸುವುದಾದರೆ ಮೆಟ್ಟಿಲಿನ ತಿರುವನ್ನು ಮೊದಲೇ ಅಳೆಯಬೇಕು. ಹಳೆಯದನ್ನು ಕೊಳ್ಳುವವರು ಖರೀದಿಯ ಪತ್ರದಲ್ಲಿ ಏನೇನು ಬದಲಿಸಲಾಗಿದೆ, ತಂತಿಗಳು ಹೊಸವೇ, ಹ್ಯಾಮರುಗಳು ಹೊಸವೇ ಎಂಬುದನ್ನು ಬರೆಸಿಕೊಳ್ಳಲಿ. ಮೊದಲ ಮಳೆಗಾಲವೂ ಮೊದಲ ಬೇಸಗೆಯೂ ಕಳೆಯುವವರೆಗೆ ಪಿನ್ ಸಡಿಲಾದರೆ ಅಂಗಡಿಯವರೇ ಸರಿಪಡಿಸಿಕೊಡಬೇಕೆಂಬ ಷರತ್ತನ್ನೂ ಅದರಲ್ಲಿ ಸೇರಿಸಲಿ. ಆ ಷರತ್ತಿಗೆ ಸಹಿ ಹಾಕಲು ಹಿಂಜರಿಯುವವರಲ್ಲಿ ಕೊಳ್ಳುವುದಕ್ಕಿಂತ 120 ಸೆಂ.ಮೀ.ನ ಹೊಸದನ್ನು ಕೊಳ್ಳುವುದೇ ಮೇಲು.