ಹದಿಮೂರು ವಾರದ ಗುರಿಗೆ ಗೂಗಲ್ ಶೀಟ್ಸ್: ಸಣ್ಣ ವ್ಯಾಪಾರಕ್ಕೆ ಎಷ್ಟು ಒಗ್ಗುತ್ತದೆ?

ಕಿರ್ದಿ ಪುಸ್ತಕ, ಬಿಲ್ಲಿಂಗ್ ಆ್ಯಪ್, ಬ್ಯಾಂಕಿನ ಸ್ಟೇಟ್‌ಮೆಂಟ್ ಎಲ್ಲವೂ ಆಗಿಹೋದ ವ್ಯಾಪಾರದ ಲೆಕ್ಕ ಹೇಳುತ್ತವೆ. ಬರುವ ಮೂರು ತಿಂಗಳಲ್ಲಿ ಏನಾಗಬೇಕು, ಅದರಲ್ಲಿ ಈ ವಾರಕ್ಕೆ ಎಷ್ಟು ಪಾಲು, ಶನಿವಾರ ಸಂಜೆಗೆ ಎಷ್ಟಾಯಿತು ಎಂದು ಬರೆಯಲು ಅವುಗಳಲ್ಲಿ ಜಾಗವಿಲ್ಲ. ಆ ಜಾಗ ತುಂಬಲು, ಕಂಪ್ಯೂಟರಿನಲ್ಲೂ ಫೋನಿನಲ್ಲೂ ಸಾಲು-ಕಾಲಂಗಳಲ್ಲಿ ಲೆಕ್ಕ ಬರೆಯುವ ಗೂಗಲ್ ಶೀಟ್ಸ್ ಸಾಕೇ ಎಂಬುದು ಈ ವಿಮರ್ಶೆಯ ವಿಷಯ. ಇಬ್ಬರಿಂದ ಹತ್ತು ಜನ ದುಡಿಯುವ ಅಂಗಡಿಗೆ, ಬಿಡಿಗಾಸಿಲ್ಲದೆ ಸಿಗುವ ಸಾಧನಗಳಲ್ಲಿ ಇದು ಬಲು ಒಳ್ಳೆಯದು ಎಂಬುದು ನಮ್ಮ ಅಭಿಪ್ರಾಯ. ಆದರೆ ಇದು ಖಾಲಿ ಹಾಳೆಯಾಗಿ ಕೈಗೆ ಬರುತ್ತದೆ. ಗುರಿಯನ್ನು ಹೇಗೆ ಹಂಚಬೇಕೆಂದು ಅದು ಹೇಳಿಕೊಡುವುದಿಲ್ಲ. ಹೆಚ್ಚಿನವರು ಎಡವುವುದೂ ಅಲ್ಲೇ.

ಮಾತು ಗಾಳಿಯಲ್ಲಿ ತೇಲದಿರಲಿ ಎಂದು ಒಂದು ಕಾಂಡಿಮೆಂಟ್ಸ್ ಅಂಗಡಿಯ ಲೆಕ್ಕ ಇಟ್ಟುಕೊಳ್ಳೋಣ. ಚಕ್ಕುಲಿ, ಕೋಡುಬಳೆ, ನಿಪ್ಪಟ್ಟು ಹಿಂದೆಯೇ ಇರುವ ಅಡುಗೆ ಕೋಣೆಯಲ್ಲಿ ತಯಾರಾಗುತ್ತವೆ. ಒಂದಷ್ಟು ಗಿರಾಕಿಗೆ ಕೈಮೇಲೆ, ಉಳಿದದ್ದು ಸುತ್ತಲಿನ ಅಂಗಡಿಗಳಿಗೆ ಉದ್ರಿ. ಸರಾಸರಿ ಕೆಜಿಗೆ 300 ರೂಪಾಯಿ, ವಾರದ ಮಾರಾಟ 42,000. ದಿನಕ್ಕೆ 25 ಕೆಜಿ, ವಾರಕ್ಕೆ ಆರು ದಿನ, ಅಂದರೆ 150 ಕೆಜಿ ಮಾಡುವ ಶಕ್ತಿ. ಶ್ರಾವಣದಿಂದ ದೀಪಾವಳಿಯವರೆಗೆ ಒಟ್ಟು 6,50,000 ರೂಪಾಯಿ ಮಾರಾಟ ಆಗಬೇಕು ಎಂಬುದು ಮೊದಲ ಗುರಿ.

ಶ್ರಾವಣ, ಭಾದ್ರಪದ, ಆಶ್ವಯುಜ ಮೂರೂ ಸೇರಿದರೆ ಸುಮಾರು 89 ದಿನ. 13 ವಾರಕ್ಕೆ 91 ದಿನ. ಏಪ್ರಿಲ್-ಜೂನ್, ಜುಲೈ-ಸೆಪ್ಟೆಂಬರ್ ಎಂಬ ಆಡಿಟರ ತ್ರೈಮಾಸಿಕಕ್ಕಿಂತ ತಿಂಡಿ, ಬಟ್ಟೆ, ಹೂವು, ಪೂಜಾ ಸಾಮಾನಿನ ವ್ಯಾಪಾರಕ್ಕೆ ಈ ಅಳತೆ ಹೆಚ್ಚು ಹೊಂದುತ್ತದೆ. ಶ್ರಾವಣದ ಪಾಡ್ಯ ಬೀಳುವ ವಾರದ ಸೋಮವಾರದಿಂದ ಎಣಿಸಲು ಶುರುಮಾಡಿದರೆ 13ನೇ ವಾರ ದೀಪಾವಳಿಯ ಹೊಸ್ತಿಲಿಗೆ ಬಂದು ನಿಲ್ಲುತ್ತದೆ. ನಡುವೆ ಅಧಿಕ ಮಾಸ ಬಂದ ವರ್ಷ ಮಾತ್ರ ಪಂಚಾಂಗ ನೋಡಿ ಎಣಿಸಬೇಕು.

ಹಾಳೆಯ ರಚನೆ ಸರಳ. ಎಡಗಡೆ ಗುರಿಯ ಹೆಸರು, ಪಕ್ಕದಲ್ಲಿ ಇವತ್ತಿನ ಅಂಕಿ, ಅದರ ಪಕ್ಕ ಕೊನೆಯ ಅಂಕಿ, ಆಮೇಲೆ 1ರಿಂದ 13ರವರೆಗೆ ವಾರದ ಕಾಲಂ. ಒಂದೊಂದು ಗುರಿಗೆ ನಾಲ್ಕು ಸಾಲು: ಅಂದಾಜು, ಆದದ್ದು, ಇಲ್ಲಿಯವರೆಗಿನ ವ್ಯತ್ಯಾಸ, ಈ ವಾರ ಮಾಡಬೇಕಾದ ಕೆಲಸ. ಮೂರು ಗುರಿ ಸಾಕು. ನಾಲ್ಕನೆಯದು ಬಂದರೆ ಫೋನಿನ ಪರದೆಯಲ್ಲಿ ಹಾಳೆ ಒಂದೇ ನೋಟಕ್ಕೆ ಕಾಣುವುದಿಲ್ಲ. ಕಾಣದ ಗುರಿಯನ್ನು ಯಾರೂ ಮುಟ್ಟುವುದಿಲ್ಲ. ಮೇಲಿನ ಸಾಲನ್ನೂ ಎಡಗಡೆಯ ಮೊದಲ ಕಾಲಂ ಅನ್ನೂ ಫ್ರೀಜ್ ಮಾಡಿಡಿ, ಅಂದರೆ ಹಾಳೆ ಸರಿಸಿದರೂ ಅವು ಕದಲದಂತೆ ಇಡಿ. ಎಲ್ಲಕ್ಕಿಂತ ಕೆಳಗೆ ದುಡ್ಡು ಕಟ್ಟುವ ತಾರೀಖುಗಳಿಗೆ ಒಂದು ಸಾಲು ಇರಲಿ. ಪ್ರತಿ ತಿಂಗಳು ಜಿಎಸ್‌ಟಿ ರಿಟರ್ನ್ ಹಾಕುವವರಿಗೆ ಜಿಎಸ್‌ಟಿಆರ್-3ಬಿ 20ಕ್ಕೆ, ಮುಂಗಡ ತೆರಿಗೆಯ ಎರಡನೇ ಕಂತು ಸೆಪ್ಟೆಂಬರ್ 15ಕ್ಕೆ. ಹಬ್ಬದ ಸರಕು ತರಲು ಇಟ್ಟ ಹಣ ತೆರಿಗೆಗೆ ಹೋಗಿ ಕೈ ಖಾಲಿಯಾಗುವುದು ಈ ತಾರೀಖುಗಳನ್ನು ಮರೆತಾಗಲೇ.

ಈಗ ಹಂಚಿಕೆಗೆ ಬರೋಣ. 6,50,000ವನ್ನು 13ರಿಂದ ಭಾಗಿಸಿದರೆ ವಾರಕ್ಕೆ 50,000. ಹಾಗೆ ತುಂಬಿದ ಹಾಳೆ ಮೊದಲ ವಾರದಿಂದಲೇ ಸುಳ್ಳು ಹೇಳತೊಡಗುತ್ತದೆ, ಏಕೆಂದರೆ ವ್ಯಾಪಾರ ವಾರವಾರಕ್ಕೂ ಒಂದೇ ಸಮನೆ ನಡೆಯುವುದಿಲ್ಲ. ವರಮಹಾಲಕ್ಷ್ಮಿ ಎರಡನೇ ವಾರದ ಆಸುಪಾಸು, ಗೋಕುಲಾಷ್ಟಮಿ ನಾಲ್ಕರ ಹತ್ತಿರ, ಗಣೇಶ ಐದರ ಹತ್ತಿರ. ಏಳು, ಎಂಟರಲ್ಲಿ ಪಿತೃಪಕ್ಷ. ಆಯುಧಪೂಜೆ ಹತ್ತರ ಸುತ್ತ. ಹಾಗಾಗಿ ಅಂದಾಜು ಸಾಲಿನಲ್ಲಿ, ಸಾವಿರಗಳಲ್ಲಿ ಹೇಳುವುದಾದರೆ, 42, 48, 46, 60, 58, 46, 38, 36, 44, 62, 46, 54, 70 ಎಂದು ತುಂಬಬೇಕು. ಕೂಡಿದರೆ 650ವೇ ಬರುತ್ತದೆ. ಎರಡರ ಅಂತರ ನೋಡಿ: ಎಂಟನೇ ವಾರದ ಕೊನೆಗೆ ಅಂಗಡಿ 3,74,000 ಮಾರಿದ್ದರೆ ಈ ಹಾಳೆಯ ಪ್ರಕಾರ ಸರಿಯಾದ ಹಾದಿಯಲ್ಲಿದೆ. ಸಮನಾಗಿ ಹಂಚಿದ ಹಾಳೆ 26,000 ಹಿಂದೆ ಬಿದ್ದಿದ್ದೀರಿ ಎನ್ನುತ್ತದೆ. ಅದನ್ನು ನಂಬಿದ ಯಜಮಾನರು ಪಿತೃಪಕ್ಷದಲ್ಲಿ ರಿಯಾಯಿತಿ ಬೋರ್ಡ್ ಹಾಕಿ, ಕೊಳ್ಳುವವರೇ ಇಲ್ಲದ ಹೊತ್ತಿನಲ್ಲಿ ಲಾಭ ಬಿಟ್ಟುಕೊಡುತ್ತಾರೆ. ಹೋದ ವರ್ಷದ ಬಿಲ್ಲುಗಳಿದ್ದರೆ ಅಂಕಿಯನ್ನು ಅವುಗಳಿಂದ ತೆಗೆಯಿರಿ. ಇಂಗ್ಲಿಷ್ ತಾರೀಖಿಗೆ ತಾರೀಖು ಹೊಂದಿಸಬೇಡಿ, ಹಬ್ಬಕ್ಕೆ ಹಬ್ಬ ಹೊಂದಿಸಿ.

ಅಂದಾಜಿನ ಕೆಳಗೆ ಇನ್ನೊಂದೇ ಒಂದು ಸಾಲು ಸೇರಿಸಿ: ಮಾರಾಟವನ್ನು 300ರಿಂದ ಭಾಗಿಸಿದರೆ ಬರುವ ಕೆಜಿ. ಹಾಳೆಯ ನಿಜವಾದ ಉಪಯೋಗ ಹೊರಬೀಳುವುದು ಆಗ. ನಾಲ್ಕನೇ ವಾರಕ್ಕೆ 200 ಕೆಜಿ, ಹತ್ತಕ್ಕೆ 207, ಹದಿಮೂರಕ್ಕೆ 233 ಬೇಕು. ಶಕ್ತಿ ಇರುವುದು 150. ಕೊನೆಯ ಮೂರು ವಾರಕ್ಕೆ ಒಟ್ಟು 567 ಕೆಜಿ ಬೇಕು, ಆಗುವುದು 450. 117 ಕೆಜಿ ಕೊರತೆ ಶ್ರಾವಣದ ಮೊದಲ ದಿನವೇ ಕಣ್ಣಿಗೆ ಬಿದ್ದರೆ ಇನ್ನೊಂದು ಒಲೆ, ಇನ್ನೊಬ್ಬ ಕೈಯಾಳಿನ ಏರ್ಪಾಡು ಮಾಡಿಕೊಳ್ಳಬಹುದು. ದೀಪಾವಳಿಯ ಹಿಂದಿನ ವಾರ ಗೊತ್ತಾದರೆ ಯಾವ ಅಡುಗೆಯವರೂ ಬಿಡುವಿರುವುದಿಲ್ಲ. ಪಿತೃಪಕ್ಷದ ಎರಡು ವಾರದಲ್ಲಿ ಶಕ್ತಿ ಮಿಗುತ್ತದೆ. ಆಗ ಮಾಡಿಟ್ಟು ದಸರೆಗೆ ಮಾರೋಣ ಎಂಬ ಆಸೆ ಬೇಡ, ಹಬ್ಬಕ್ಕೆ ಕೊಳ್ಳುವವರು ಹೊಸ ಎಣ್ಣೆಯ ಘಮ ಹುಡುಕಿಕೊಂಡೇ ಬರುತ್ತಾರೆ. ಆ ಬಿಡುವು ಬರ್ನರ್ ರಿಪೇರಿಗೆ, ಬಾಕಿ ವಸೂಲಿಗೆ ಇರಲಿ.

ಎರಡನೇ ಗುರಿ ಬಾಕಿ. ಅಂಗಡಿಗಳಿಂದ ಬರಬೇಕಾದದ್ದು 1,80,000 ಇದೆ, ಅರ್ಧ ಮಾಡಬೇಕು ಎಂದು ಬರೆಯುವುದು ರೂಢಿ. ಇದು ತಪ್ಪು ಅಳತೆ. ವಾರಕ್ಕೆ 20,000 ಉದ್ರಿ ಕೊಟ್ಟು 30 ದಿನದ ವಾಯಿದೆ ಇಟ್ಟರೆ, ಎಲ್ಲರೂ ಹೇಳಿದ ದಿನಕ್ಕೇ ಕೊಟ್ಟರೂ ಸುಮಾರು 86,000 ಯಾವಾಗಲೂ ಹೊರಗೇ ಇರುತ್ತದೆ. ಹಬ್ಬದಲ್ಲಿ ಸರಬರಾಜು ಏರಿದರೆ ಅದೂ ಏರುತ್ತದೆ, ವಸೂಲಿ ಎಷ್ಟೇ ಚುರುಕಾಗಿದ್ದರೂ ಗುರಿ ತಪ್ಪಿತೆಂದು ಹಾಳೆ ಕೆಂಪಾಗುತ್ತದೆ. ಗುರಿಯನ್ನು ಹೀಗೆ ಬದಲಿಸಿ: 30 ದಿನ ದಾಟಿದ ಬಾಕಿ 1,10,000ದಿಂದ 20,000ಕ್ಕೆ ಇಳಿಯಬೇಕು. ಶೀಟ್ಸ್ ಇಲ್ಲಿ ಚೆನ್ನಾಗಿ ದುಡಿಯುತ್ತದೆ. ಇನ್ನೊಂದು ಪುಟದಲ್ಲಿ ಅಂಗಡಿ, ಬಿಲ್ ತಾರೀಖು, ಮೊತ್ತ, ಬಂದದ್ದು ಎಂದು ನಾಲ್ಕು ಕಾಲಂ. ಐದನೆಯದರಲ್ಲಿ ಉಳಿದ ಬಾಕಿ, ಆರನೆಯದರಲ್ಲಿ ಇಂದಿನ ತಾರೀಖು ಕೊಡುವ ಟುಡೇ ಸೂತ್ರದಿಂದ ಬಿಲ್ ತಾರೀಖು ಕಳೆದು ದಿನ. ಆಮೇಲೆ ಸಮ್‌ಇಫ್ಸ್ ಸೂತ್ರ ಒಂದೇ ಚೌಕದಲ್ಲಿ 30 ದಾಟಿದ ಬಾಕಿಯಷ್ಟನ್ನೇ ಕೂಡಿ ಕೊಡುತ್ತದೆ. ಕೆಲಸದ ಸಾಲಿನಲ್ಲಿ ‘ವಸೂಲಿ’ ಎಂದಷ್ಟೇ ಬರೆದರೆ ಏನೂ ಆಗದು. ‘ಮಂಗಳವಾರ 11ರೊಳಗೆ 12 ಫೋನ್, ಹಳೇ ಬಿಲ್ಲಿನಿಂದ ಶುರು’ ಎಂದು ಬರೆಯಿರಿ. ಉದ್ಯಮ್ (ಸಣ್ಣ ಉದ್ಯಮಗಳಿಗೆ ಸರ್ಕಾರ ಕೊಡುವ) ನೋಂದಣಿ ಇರುವ ತಯಾರಕರಿಗೆ ಇನ್ನೊಂದು ಆಧಾರವಿದೆ. 2006ರ ಎಂಎಸ್‌ಎಂಇ ಅಭಿವೃದ್ಧಿ ಕಾಯ್ದೆ ಪ್ರಕಾರ, ಕೊಂಡವರು ಹಣ ಕೊಡಲು ಬರಹದ ಒಪ್ಪಂದ ಇಲ್ಲದಿದ್ದರೆ 15 ದಿನ, ಇದ್ದರೂ 45 ದಿನ ಮೀರುವಂತಿಲ್ಲ. ಮೀರಿದರೆ ರಿಸರ್ವ್ ಬ್ಯಾಂಕಿನ ‘ಬ್ಯಾಂಕ್ ದರ’ದ ಮೂರು ಪಟ್ಟು ಬಡ್ಡಿ. ಜಗಳಕ್ಕೆ ಹೋಗಬೇಕಿಲ್ಲ, ಬಿಲ್ಲಿನ ಕೆಳಗೆ ಈ ಒಂದು ಸಾಲು ಅಚ್ಚಾಗಿದ್ದರೆ ಸಾಕು.

ಮೂರನೆಯದು ಮುರುಕು. ದಿನದ 25 ಕೆಜಿಯಲ್ಲಿ ನೂರಕ್ಕೆ 7, ಅಂದರೆ ಒಂದೂಮುಕ್ಕಾಲು ಕೆಜಿ ಮುರಿಯುತ್ತಿದ್ದು, ಅದನ್ನು 4ಕ್ಕೆ ಇಳಿಸಿದರೆ ದಿನಕ್ಕೆ ಮುಕ್ಕಾಲು ಕೆಜಿ, ವಾರಕ್ಕೆ ನಾಲ್ಕೂವರೆ ಕೆಜಿ ಉಳಿಯುತ್ತದೆ. ಮುರುಕನ್ನು ಅರ್ಧ ಬೆಲೆಗೆ ಮಾರುತ್ತಿದ್ದರೂ 13 ವಾರಕ್ಕೆ 8,775 ರೂಪಾಯಿ. ಸಣ್ಣ ಮೊತ್ತ ಅನ್ನಿಸಬಹುದು, ಆದರೆ ಇದಕ್ಕೆ ಹೊಸ ಗಿರಾಕಿ ಬೇಕಿಲ್ಲ, ಹೊಸ ಸಾಲವೂ ಬೇಕಿಲ್ಲ. ಅಂಕಿಯ ಪಕ್ಕ ಕಾರಣ ಬರೆಯುವ ಚೌಕ ಇರಲಿ. ಹಿಟ್ಟಿಗೆ ಬೆಣ್ಣೆ ಹೆಚ್ಚಾಗಿ ಎಣ್ಣೆಯಲ್ಲೇ ಬಿಚ್ಚಿಕೊಂಡಿತೋ, ಕಲಸಿಟ್ಟ ಹಿಟ್ಟು ಒಣಗಿ ಒತ್ತುವಾಗ ತುಂಡಾಯಿತೋ, ಡಬ್ಬಿಗೆ ತುಂಬುವಾಗ ಮುರಿಯಿತೋ? ಮೂರಕ್ಕೂ ಮದ್ದು ಬೇರೆ ಬೇರೆ. ಡೇಟಾ ವ್ಯಾಲಿಡೇಷನ್ ಬಳಸಿ ಈ ಮೂರು ಕಾರಣಗಳಲ್ಲಿ ಒಂದನ್ನು ಆರಿಸುವ ಪಟ್ಟಿ (ಡ್ರಾಪ್‌ಡೌನ್) ಮಾಡಿಟ್ಟರೆ ತಿಂಗಳ ಕೊನೆಗೆ ಯಾವುದು ಎಷ್ಟು ಸಲ ಎಂದು ಎಣಿಸಬಹುದು.

ಒಂದು ಎಚ್ಚರಿಕೆ ಬಹಳ ಮುಖ್ಯ. ಖರ್ಚು ಇಳಿಸುವ ಯಾವ ಗುರಿಗೂ ಒಂದು ಕಾವಲು ಅಂಕಿ ಜೋಡಿಸಲೇಬೇಕು. ‘ಎಣ್ಣೆ ಖರ್ಚು ನೂರಕ್ಕೆ 15 ಕಡಿಮೆ’ ಎಂದಷ್ಟೇ ಹಾಳೆಯಲ್ಲಿದ್ದರೆ ಬಾಣಲೆಯ ಹುಡುಗ ಹಳೇ ಎಣ್ಣೆಯನ್ನೇ ಮತ್ತೆ ಮತ್ತೆ ಕಾಯಿಸಿ ಗುರಿ ಮುಟ್ಟಿಸಿಬಿಡುತ್ತಾನೆ. ಕರಿದ ಎಣ್ಣೆಯಲ್ಲಿ ಟೋಟಲ್ ಪೋಲಾರ್ ಕಾಂಪೌಂಡ್ಸ್ (ಎಣ್ಣೆ ಮತ್ತೆ ಮತ್ತೆ ಕಾದಾಗ ಹೆಚ್ಚುವ ಕೆಟ್ಟ ಅಂಶ) ನೂರಕ್ಕೆ 25 ದಾಟಿದರೆ ಬಳಸುವಂತಿಲ್ಲ ಎಂಬ, ಆಹಾರ ಸುರಕ್ಷತೆಯ ಕೇಂದ್ರ ಪ್ರಾಧಿಕಾರವಾದ ಎಫ್‌ಎಸ್‌ಎಸ್‌ಎಐ ನಿಯಮ 2018ರ ಜುಲೈ 1ರಿಂದ ಜಾರಿಯಲ್ಲಿದೆ. ಎಣ್ಣೆ ಬದಲಿಸಿದ ದಿನವನ್ನು ಖರ್ಚಿನ ಪಕ್ಕದಲ್ಲೇ ಬರೆಸಿ.

ಶೀಟ್ಸ್‌ನ ಕೊರತೆಗಳು ಬಳಸತೊಡಗಿದ ಮೊದಲ ವಾರದಲ್ಲೇ ಎದುರಾಗುತ್ತವೆ. ಲೊಕೇಲ್ (ಯಾವ ದೇಶದ ರೂಢಿ ಎಂಬ ಆಯ್ಕೆ) ಅಮೆರಿಕ ಎಂದಿದ್ದರೆ 5/8 ಎಂದು ಹಾಕಿದ ಆಗಸ್ಟ್ 5 ಅದಕ್ಕೆ ಮೇ 8 ಆಗುತ್ತದೆ, ಬಾಕಿಯ ದಿನಗಳೆಲ್ಲ ಏರುಪೇರು. ಫೈಲ್ ಮೆನುವಿನ ಸೆಟ್ಟಿಂಗ್ಸ್‌ನಲ್ಲಿ ಭಾರತ ಆರಿಸಿ, ಟೈಮ್ ಝೋನ್ ಕೂಡ ನೋಡಿ. ‘3500 ರೂ’ ಎಂದು ಒಂದೇ ಚೌಕದಲ್ಲಿ ಬರೆದರೆ ಅದು ಅಕ್ಷರ, ಮೊತ್ತದಲ್ಲಿ ಸೇರುವುದೇ ಇಲ್ಲ. ದೋಷ ತೋರಿಸದೆ ಸುಮ್ಮನೆ ಬಿಟ್ಟುಬಿಡುವುದರಿಂದ ಇದು ಹೆಚ್ಚು ಅಪಾಯ. ವ್ಯತ್ಯಾಸದ ಸಾಲಿಗೆ, ಹಿಂದೆ ಬಿದ್ದ ಅಂಕಿಯನ್ನು ತಾನಾಗಿ ಕೆಂಪಾಗಿಸುವ ಕಂಡೀಷನಲ್ ಫಾರ್ಮ್ಯಾಟಿಂಗ್ ಹಾಕಿದಾಗ ಇನ್ನೂ ಬಾರದ ವಾರಗಳೂ ಕೆಂಪಾಗುತ್ತವೆ. ‘ಆದದ್ದು’ ಖಾಲಿ ಇದ್ದರೆ ವ್ಯತ್ಯಾಸವೂ ಖಾಲಿ ಎಂದು ಇಫ್ ಸೂತ್ರದಲ್ಲಿ ಹೇಳಬೇಕು. ಶೀರ್ಷಿಕೆ ಚೆಂದ ಕಾಣಲಿ ಎಂದು ಚೌಕಗಳನ್ನು ಮರ್ಜ್ ಮಾಡಿ ಒಂದಾಗಿಸಿದರೆ, ಸಾಲುಗಳನ್ನು ಕ್ರಮವಾಗಿ ಜೋಡಿಸುವಾಗ (ಸಾರ್ಟ್) ತಕರಾರು ತೆಗೆಯುತ್ತದೆ.

ಫೋನಿನಲ್ಲಿ ನೋಡಲು ಅಡ್ಡಿಯಿಲ್ಲ, ತುಂಬಲು ಕಷ್ಟ. ಬೆರಳು ಜಾರಿ ಸೂತ್ರದ ಮೇಲೆ ಅಂಕಿ ಬಿದ್ದರೆ ಹಾಳೆ ಕೆಟ್ಟಂತೆ. ಪರಿಹಾರ ಗೂಗಲ್ ಫಾರ್ಮ್ಸ್: ಇಂದಿನ ಮಾರಾಟ, ಮಾಡಿದ ಕೆಜಿ, ಮುರುಕು, ಕಾರಣ ಎಂದು ನಾಲ್ಕು ಪ್ರಶ್ನೆ ಮಾಡಿ ಲಿಂಕನ್ನು ವಾಟ್ಸ್ಆ್ಯಪ್‌ನಲ್ಲಿ ಕೊಡಿ. ಕೆಲಸದವರು ಅರ್ಧ ನಿಮಿಷದಲ್ಲಿ ತುಂಬುತ್ತಾರೆ, ಹೊತ್ತು ತಾನಾಗಿ ದಾಖಲಾಗುತ್ತದೆ, ಹಾಳೆಯನ್ನು ಯಾರೂ ಮುಟ್ಟಬೇಕಿಲ್ಲ. ಸೂತ್ರದ ಸಾಲುಗಳನ್ನು ಬೇರೆಯವರು ತಿದ್ದದಂತೆ ಕಂಪ್ಯೂಟರಿನಲ್ಲಿ ಪ್ರೊಟೆಕ್ಟ್ ಮಾಡಿ. ಆದರೂ ಕೆಟ್ಟರೆ ವರ್ಷನ್ ಹಿಸ್ಟರಿಯಿಂದ ನಿನ್ನೆಯ ಹಾಳೆ ವಾಪಸು ಸಿಗುತ್ತದೆ. ಮಾರ್ಕರಿನಿಂದ ಬರೆದ ಬೋರ್ಡ್ ಇದನ್ನು ಎಂದಿಗೂ ಕೊಡದು. ಇನ್ನೊಂದು ಮಾತು: ಹಾಳೆ ಅಂಗಡಿಯ ಸ್ವಂತ ಜಿಮೇಲ್ ಖಾತೆಯಲ್ಲೇ ಹುಟ್ಟಲಿ. ಲೆಕ್ಕ ಬರೆಯುವ ಹುಡುಗನ ಖಾತೆಯಲ್ಲಿ ಮಾಡಿಸಿದರೆ ಒಡೆತನ ಅವನದೇ. ಅವನು ಕೆಲಸ ಬಿಟ್ಟು ಖಾತೆ ಅಳಿಸಿದರೆ ನಿಮ್ಮ ಲೆಕ್ಕವೂ ಹೋಯಿತು.

ಶೀಟ್ಸ್ ತಾನಾಗಿ ಕೂಗಿ ಕರೆಯುವುದಿಲ್ಲ. 5ಕ್ಕೆ ನಾವು ಕೊಡುವ ಅಂಕದಲ್ಲಿ ಅರ್ಧ ಕಡಿತ ಮಾಡಿರುವುದು ಇದಕ್ಕೇ. ಶನಿವಾರ ರಾತ್ರಿ ಬಾಗಿಲು ಹಾಕುವ ಹೊತ್ತಿಗೆ ಫೋನಿನಲ್ಲಿ ಪ್ರತಿ ವಾರದ ಅಲಾರಂ ಇಟ್ಟುಕೊಳ್ಳಬೇಕು. ಇಪ್ಪತ್ತು ನಿಮಿಷ ಸಾಕು: ಮೂರು ವ್ಯತ್ಯಾಸ ನೋಡುವುದು, ಮುಂದಿನ ವಾರದ ಮೂರು ಕೆಲಸ ಬರೆಯುವುದು, ಅವನ್ನು ಅಡುಗೆ ಕೋಣೆಯ ವೈಟ್‌ಬೋರ್ಡಿಗೆ ಏರಿಸುವುದು. ಎರಡು ವಾರ ಸತತ ಕೆಂಪಿದ್ದರೆ ಕೆಲಸವನ್ನು ಬದಲಿಸಿ, ಗುರಿಯ ಅಂಕಿಯನ್ನು ಇಳಿಸಬೇಡಿ. ಬೋರ್ಡ್ ಬೇಡ, ಎಲ್ಲವೂ ಫೋನಿನಲ್ಲೇ ಇರಲಿ ಎನ್ನುವವರ ಮಾತು ನಮಗೆ ಒಪ್ಪಿಗೆಯಿಲ್ಲ. ಹಿಟ್ಟಿನ ಕೈಯಲ್ಲಿ ಯಾರೂ ಫೋನ್ ತೆಗೆಯುವುದಿಲ್ಲ.

ಒಬ್ಬರೇ ನಡೆಸುವ ಗಾಡಿಗೆ ಇಷ್ಟೆಲ್ಲ ಬೇಡ, ನೋಟ್‌ಪುಸ್ತಕದ ಒಂದು ಪುಟ ಸಾಕು. ಮೂರು ನಾಲ್ಕು ಶಾಖೆ ಇದ್ದು ದಾಸ್ತಾನು ಅತ್ತಿತ್ತ ಓಡಾಡುವವರಿಗೆ ಇದು ಸಾಲದು. ನಡುವಿನ ಅಂಗಡಿಗಳಿಗೆ 5ಕ್ಕೆ 4 ಕೊಡುತ್ತೇವೆ. ಉಳಿದ ಅರ್ಧ ಅಂಕ ಹೋದದ್ದು ಫೋನಿನಲ್ಲಿ ತುಂಬುವ ತೊಡಕಿಗೆ.

13ನೇ ವಾರ ಮುಗಿದ ಮೇಲೆ ಹಾಳೆಯನ್ನು ಅಳಿಸಬೇಡಿ. ಕೆಳಗಿನ ಟ್ಯಾಬ್ ಒತ್ತಿ ಡುಪ್ಲಿಕೇಟ್ ಮಾಡಿ, ‘ಆದದ್ದು’ ಸಾಲುಗಳನ್ನಷ್ಟೇ ಖಾಲಿ ಮಾಡಿ, ಕಾರ್ತಿಕದಿಂದ ಸಂಕ್ರಾಂತಿವರೆಗಿನ ಹಬ್ಬ, ಮದುವೆ ಮುಹೂರ್ತಗಳನ್ನು ನೋಡಿ ಹೊಸ ಅಂದಾಜು ತುಂಬಿ. ಹಳೆಯ ಟ್ಯಾಬ್ ಮುಂದಿನ ಶ್ರಾವಣಕ್ಕೆ ಬೇಕಾಗುತ್ತದೆ.